ಒಬ್ಬೊಬ್ಬರ ಹಾಡು, ಎಲ್ಲರ ಬ್ಯಾಂಡ್: ಸ್ವತಂತ್ರ ಗೀತರಚನೆಕಾರರು ಕೂಡಿ ಹಾಡುವುದು ಹೇಗೆ?

“ನನ್ನ ಬಳಿ ಹತ್ತು ಹನ್ನೆರಡು ಹಾಡುಗಳಿವೆ. ನನ್ನಂತೆಯೇ ಬರೆದು, ಟ್ಯೂನ್ ಕಟ್ಟಿ, ಹಾಡುವ ಇನ್ನಿಬ್ಬರು ಸಿಕ್ಕಿದ್ದಾರೆ. ಮೂವರೂ ಸೇರಿ ಬ್ಯಾಂಡ್ ಕಟ್ಟಿದರೆ ನನ್ನ ಹಾಡು ನನ್ನದಾಗಿಯೇ ಉಳಿಯುತ್ತದೆಯೇ?” ಮಾತು ಬೇರೆ ಬೇರೆ ಇರಬಹುದು, ಆದರೆ ಓದುಗರು ಮತ್ತೆ ಮತ್ತೆ ಕೇಳುವುದು ಇದೊಂದೇ ಪ್ರಶ್ನೆ. ಖಂಡಿತ ಉಳಿಯುತ್ತದೆ. ಆದರೆ ಅದಕ್ಕೆ ಮೊದಲೇ ಕುಳಿತು ಮಾತನಾಡಿ, ಒಂದು ಪುಟದಷ್ಟು ಬರೆದಿಟ್ಟುಕೊಳ್ಳಬೇಕು. ಹಾಗೆ ಬರೆದಿಟ್ಟುಕೊಳ್ಳದ ಕಾರಣಕ್ಕೆ ಒಳ್ಳೆಯ ಹಾಡುಗಳು ಯಾರೂ ಹಾಡದೆ ಉಳಿದುಹೋದದ್ದನ್ನು ಕಂಡಿದ್ದೇನೆ. ಅವುಗಳಲ್ಲಿ ನಾನು ಪಲ್ಲವಿ ಬರೆದ ಒಂದು ಹಾಡೂ ಇದೆ. ಚರಣ ಬರೆದ ಗೆಳೆಯ ಊರು ಬಿಟ್ಟ ಮೇಲೆ ಅದನ್ನು ಯಾರು ಹಾಡಬಹುದು ಎಂಬುದು ಇತ್ಯರ್ಥವಾಗಲೇ ಇಲ್ಲ.

ಎಂಥ ಬ್ಯಾಂಡಿನ ಬಗ್ಗೆ ಹೇಳುತ್ತಿದ್ದೇನೆ ಎಂಬುದನ್ನು ಮೊದಲು ಸ್ಪಷ್ಟಪಡಿಸುತ್ತೇನೆ. ಒಬ್ಬ ಗೀತರಚನೆಕಾರನ ಸುತ್ತ ವಾದ್ಯಗಾರರು ಸೇರುವುದು ಒಂದು ಬಗೆ. ನಮ್ಮಲ್ಲಿ ರಘು ದೀಕ್ಷಿತ್ ಪ್ರಾಜೆಕ್ಟ್ ಹಾಗೆ ಬೆಳೆದ ತಂಡ. ಎಲ್ಲರೂ ಸೇರಿಯೇ ಹೊಸ ಹಾಡು ಕಟ್ಟುವುದು ಇನ್ನೊಂದು ಬಗೆ. ಇಲ್ಲಿ ವಿವರಿಸುತ್ತಿರುವುದು ಮೂರನೆಯದನ್ನು: ಈಗಾಗಲೇ ತಮ್ಮ ತಮ್ಮ ಹಾಡುಗಳನ್ನು ಹೊಂದಿರುವ ಮೂರು ನಾಲ್ಕು ಜನ ಒಟ್ಟುಗೂಡಿ, ಒಬ್ಬರ ಹಾಡಿಗೆ ಉಳಿದವರು ಪಕ್ಕವಾದ್ಯವಾಗುವುದು. ಅಮೆರಿಕದ ಬಾಯ್‌ಜೀನಿಯಸ್ ತಂಡ ಇದಕ್ಕೆ ಇತ್ತೀಚಿನ ನಿದರ್ಶನ. ಜೂಲಿಯನ್ ಬೇಕರ್, ಫೀಬಿ ಬ್ರಿಜರ್ಸ್, ಲೂಸಿ ಡೇಕಸ್ ಎಂಬ ಮೂವರು 2018ರಲ್ಲಿ ಜೊತೆಗೂಡುವ ಹೊತ್ತಿಗೆ ಮೂವರಿಗೂ ಸ್ವಂತ ಆಲ್ಬಮ್‌ಗಳಿದ್ದವು. 2024ರ ಫೆಬ್ರುವರಿಯಲ್ಲಿ ಈ ತಂಡಕ್ಕೆ ಮೂರು ಗ್ರ್ಯಾಮಿ ಪ್ರಶಸ್ತಿಗಳು ಬಂದವು. ಬ್ಯಾಂಡಿಗಾಗಿ ಅವರು ತಮ್ಮ ಒಂಟಿ ಹಾದಿಯನ್ನು ಬಿಟ್ಟುಕೊಡಲಿಲ್ಲ. ಕನ್ನಡದಲ್ಲಿ ಇಂಥ ತಂಡಗಳು ಹತ್ತಾರು ಹುಟ್ಟಬೇಕು ಎಂಬುದು ನನ್ನ ಆಸೆ. ಒಂದು ಗಿಟಾರ್, ಒಂದು ಮೊಬೈಲ್ ಮುಂದೆ ಕುಳಿತು ಬರೆದ ಹಾಡುಗಳು ಎಷ್ಟೋ ಊರುಗಳಲ್ಲಿ ಎರಡನೆಯ ಕೊರಳಿಗಾಗಿ ಕಾದಿವೆ.

ಏನೇನು ಬೇಕು?

ಮೂರರಿಂದ ಐದು ಜನ; ಪ್ರತಿಯೊಬ್ಬರ ಬಳಿ ಕನಿಷ್ಠ ಆರು ಪೂರ್ಣಗೊಂಡ ಹಾಡುಗಳು; ವಾರಕ್ಕೆ ಒಂದು ಸಂಜೆ; ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ; ಒಂದು ನೋಟ್‌ಬುಕ್. ಮೊದಲ ಎರಡು ತಿಂಗಳಿಗೆ ಇಷ್ಟು ಸಾಕು. ಡ್ರಮ್ಸ್, ಆಂಪ್ಲಿಫೈಯರ್, ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ತಾಲೀಮಿನ ಕೋಣೆ (ಜಾಮ್ ರೂಮ್) ಎಲ್ಲ ಆಮೇಲೆ. “ಪೂರ್ಣಗೊಂಡ” ಎಂಬ ಮಾತಿಗೆ ಮಾತ್ರ ಒತ್ತು ಕೊಡುತ್ತೇನೆ. ಅರ್ಧ ಹಾಡು ತಂದರೆ ಉಳಿದರ್ಧವನ್ನು ಇನ್ನೊಬ್ಬರು ಬರೆಯುತ್ತಾರೆ. ಆಗ ಅದು ಬೇರೆಯೇ ಲೆಕ್ಕ.

ಹಂತ 1: ಮೊದಲು ಕೇಳಿ

ಮೊದಲ ಸಲ ಸೇರಿದಾಗ ಜೊತೆಯಾಗಿ ನುಡಿಸಬೇಡಿ. ಒಬ್ಬರು ಹಾಡಲಿ, ಉಳಿದವರು ವಾದ್ಯ ಕೆಳಗಿಟ್ಟು ಕೇಳಲಿ. ಒಬ್ಬೊಬ್ಬರೂ ಆರು ಹಾಡು. ಮೂವರಿದ್ದರೆ ಹದಿನೆಂಟು ಹಾಡಾಗುತ್ತದೆ. ಎರಡು ಸಂಜೆ ಹಿಡಿಯಬಹುದು, ಹಿಡಿಯಲಿ. ಸಾಹಿತ್ಯವನ್ನು ಮೊದಲೇ ಬರೆದು ಎಲ್ಲರಿಗೂ ಒಂದೊಂದು ಪ್ರತಿ ಕೊಡಿ. ಹಾಡು ಮುಗಿದ ಕೂಡಲೇ “ಇಲ್ಲಿ ಒಂದು ಬೇಸ್ ಗಿಟಾರ್ ಹಾಕಬಹುದು” ಎನ್ನುವ ಮಾತು ಬರುತ್ತದೆ. ಅದನ್ನು ಆ ದಿನಕ್ಕೆ ತಡೆಯಿರಿ.

ಇಲ್ಲಿ ಗಮನಿಸಬೇಕಾದದ್ದು ಹಾಡು ಎಷ್ಟು ಚೆನ್ನಾಗಿದೆ ಎಂಬುದನ್ನಷ್ಟೇ ಅಲ್ಲ, ಯಾರು ಹೇಗೆ ಕೇಳುತ್ತಾರೆ ಎಂಬುದನ್ನೂ. ತನ್ನ ಸರದಿ ಬರುವವರೆಗೆ ಮೊಬೈಲ್ ನೋಡುತ್ತ ಕುಳಿತವರು ಮುಂದೆ ವೇದಿಕೆಯ ಮೇಲೂ ಹಾಗೆಯೇ ಇರುತ್ತಾರೆ. ಅಂಥವರು ಎಷ್ಟೇ ಒಳ್ಳೆಯ ಹಾಡುಗಾರರಾಗಿದ್ದರೂ ಈ ಬಗೆಯ ಬ್ಯಾಂಡಿಗೆ ಒಗ್ಗುವುದಿಲ್ಲ.

ಹಂತ 2: ನಿಮ್ಮ ಹಾಡನ್ನು ಬೇರೆಯವರು ಆರಿಸಲಿ

ತಾವೇ ಆರಿಸಿಕೊಂಡರೆ ಪ್ರತಿಯೊಬ್ಬರೂ ತಮ್ಮ ಇತ್ತೀಚಿನ ಹಾಡನ್ನೇ ಹಿಡಿದುಕೊಳ್ಳುತ್ತಾರೆ. ಹೊಸ ಕೂಸಿನ ಮೋಹ ಸಹಜ. ಬದಲಿಗೆ, ನಿಮ್ಮ ಆರರಲ್ಲಿ ಮೂರನ್ನು ಉಳಿದವರು ಆರಿಸಲಿ. ಅವರದ್ದನ್ನು ನೀವು ಆರಿಸಿ. ಬರೆದವರಿಗೆ ಒಂದೇ ಒಂದು ಹಕ್ಕು: “ಈ ಹಾಡು ಬೇಡ, ಇದನ್ನು ನಾನೊಬ್ಬನೇ ಹಾಡಿಕೊಳ್ಳುತ್ತೇನೆ” ಎಂದು ಹೇಳುವುದು. ಅದಕ್ಕೆ ಕಾರಣ ಕೇಳಬಾರದು.

ಮೂವರಿಗೆ ಮೂರು ಮೂರರಂತೆ ಒಂಬತ್ತು ಹಾಡು. ನಲವತ್ತೈದು ನಿಮಿಷದ ಕಾರ್ಯಕ್ರಮಕ್ಕೆ ಅಷ್ಟು ಸರಿಯಾಗುತ್ತದೆ. ಎಲ್ಲರಿಗೂ ಸಮ ಸಂಖ್ಯೆಯ ಹಾಡು ಇರಲೇಬೇಕು ಎಂದು ಹಟ ಹಿಡಿಯುವವರಲ್ಲ ನಾನು. ಆದರೆ ಮೊದಲ ವರ್ಷ ಸಮನಾಗಿಯೇ ಇಡಿ. ಒಬ್ಬರ ಹಾಡು ಐದು, ಇನ್ನೊಬ್ಬರದು ಎರಡು ಎಂದಾದ ಕೂಡಲೇ ಎರಡು ಹಾಡಿನವರು ಬರೀ ವಾದ್ಯಗಾರರಾಗಿಬಿಡುತ್ತಾರೆ.

ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ಆರು ಹಾಡುಗಳ ನಡುವೆ ಕವಿಯೊಬ್ಬರ ಕವಿತೆಗೆ ನೀವು ಸಂಗೀತ ಹಾಕಿದ್ದೂ ಒಂದಿರಬಹುದು. ಭಾವಗೀತೆಯ ನಾಡಿನಲ್ಲಿ ಇದು ಎಲ್ಲರೂ ಮಾಡುವ ಕೆಲಸ. ಭಾರತದ ಕಾನೂನಿನಲ್ಲಿ ಸಾಹಿತ್ಯದ ಹಕ್ಕು ಬರೆದವರ ಜೀವಿತಾವಧಿಗೂ ಅವರು ತೀರಿಕೊಂಡ ನಂತರ 60 ವರ್ಷಗಳಿಗೂ ಇರುತ್ತದೆ. ಆ 60 ವರ್ಷಗಳ ಎಣಿಕೆ ಶುರುವಾಗುವುದು ತೀರಿಕೊಂಡ ಮರುವರ್ಷದಿಂದ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ. ಅವರ ಕವಿತೆಗಳ ಹಕ್ಕು 2041ರ ಕೊನೆಯವರೆಗೆ ಇದೆ. ಕುವೆಂಪು 1994ರಲ್ಲಿ ತೀರಿಕೊಂಡರು, ಹಾಗಾಗಿ 2054ರ ಕೊನೆಯವರೆಗೆ. ಅಂಥ ಹಾಡನ್ನು ಧ್ವನಿಮುದ್ರಿಸಿ ಪ್ರಕಟಿಸುವ ಮೊದಲು ಹಕ್ಕುದಾರರ ಅನುಮತಿ ಬೇಕೇ ಬೇಕು. ಶಿಶುನಾಳ ಶರೀಫರು 1889ರಲ್ಲಿ ತೀರಿಕೊಂಡವರು, ಅವರ ಪದಗಳು ಎಲ್ಲರ ಸೊತ್ತು. ವಚನ, ದಾಸರ ಪದಗಳೂ ಹಾಗೆಯೇ. ಆದರೆ ಎಡವುವುದು ಇಲ್ಲೇ: ಶರೀಫರ ಪದ ಎಲ್ಲರದ್ದು ಎಂದು, ಸಿ. ಅಶ್ವಥ್ ಅವರಂಥ ಸಂಯೋಜಕರು ಆ ಪದಕ್ಕೆ ಹಾಕಿದ ಸಂಗೀತವೂ ಎಲ್ಲರದ್ದಾಗುವುದಿಲ್ಲ. ಅಶ್ವಥ್ ತೀರಿಕೊಂಡದ್ದು 2009ರಲ್ಲಿ, ಸಂಗೀತಕ್ಕೂ ಅದೇ 60 ವರ್ಷಗಳ ಲೆಕ್ಕ. ನಿಮ್ಮ ಕಿವಿಯಲ್ಲಿ ಬಾಲ್ಯದಿಂದ ಕುಳಿತ ಧಾಟಿ ಜನಪದದ್ದೋ, ಯಾರಾದರೂ ಸಂಯೋಜಿಸಿದ್ದೋ ಎಂದು ವಿಚಾರಿಸಿಕೊಳ್ಳಿ.

ಹಂತ 3: ಬರೆದು ಸಹಿ ಹಾಕಿ

ಈ ಹಂತವನ್ನು ಬಿಟ್ಟು ಮುಂದೆ ಹೋಗಬೇಡಿ. “ನಾವು ಗೆಳೆಯರು, ನಮಗೆ ಕಾಗದ ಪತ್ರ ಯಾಕೆ?” ಎಂದು ಕೇಳುವವರೇ ಹೆಚ್ಚು. ಗೆಳೆತನ ಉಳಿಯಲಿ ಎಂದೇ ಕಾಗದ ಬೇಕು.

ಮೊದಲು ಕಾನೂನಿನ ಎರಡು ಮೂರು ಸಂಗತಿಗಳು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಒಂದು ಹಾಡಿನಲ್ಲಿ ಬೇರೆ ಬೇರೆ ಕೃತಿಗಳು ಅಡಗಿವೆ: ಸಾಹಿತ್ಯ ಒಂದು ಕೃತಿ, ಸಂಗೀತ ಇನ್ನೊಂದು, ಧ್ವನಿಮುದ್ರಣ ಮತ್ತೊಂದು. ಒಂದೊಂದಕ್ಕೂ ಒಡೆಯರು ಬೇರೆ ಇರಬಹುದು. ಸಂಗೀತಕ್ಕೆ ಸ್ವರಲಿಪಿ ಬರೆದಿಟ್ಟಿರಬೇಕು ಎಂಬ ನಿಯಮವಿಲ್ಲ, ಕಟ್ಟಿದವರೇ ಸಂಯೋಜಕರು. ಹಕ್ಕು ಹುಟ್ಟುವುದಕ್ಕೆ ನೋಂದಣಿಯೂ ಕಡ್ಡಾಯವಲ್ಲ. ಬೇಕೆಂದರೆ ಕೃತಿಸ್ವಾಮ್ಯ ಕಚೇರಿಯಲ್ಲಿ ಸಾಹಿತ್ಯ ಅಥವಾ ಸಂಗೀತ ಕೃತಿಯೊಂದಕ್ಕೆ 500 ರೂಪಾಯಿ ಶುಲ್ಕ ಕಟ್ಟಿ ನೋಂದಾಯಿಸಬಹುದು. ಮುಂದೆ ತಕರಾರು ಬಂದರೆ ಅದು ಸಾಕ್ಷಿಯಾಗುತ್ತದೆ. ಅಷ್ಟು ಮಾಡಲಾಗದವರು ಬ್ಯಾಂಡ್ ಸೇರುವ ಮೊದಲು ತಮ್ಮ ಆರೂ ಹಾಡುಗಳನ್ನು ಒಂಟಿಯಾಗಿ ಹಾಡಿ ರೆಕಾರ್ಡ್ ಮಾಡಿ, ಸಾಹಿತ್ಯದ ಜೊತೆ ಇಮೇಲ್‌ನಲ್ಲಿ ಕಳುಹಿಸಿಟ್ಟುಕೊಳ್ಳಿ. ಬ್ಯಾಂಡಿಗೆ ಬರುವ ಮೊದಲು ಹಾಡು ಹೇಗಿತ್ತು ಎಂಬುದಕ್ಕೆ ದಿನಾಂಕ ಸಹಿತ ಗುರುತು ಸಿಗುತ್ತದೆ.

ಸಂಗೀತ ಕೃತಿಗೆ ಹೊಸದಾಗಿ ವಾದ್ಯ ಸಂಯೋಜನೆ ಮಾಡುವುದನ್ನು ಕಾನೂನು “ರೂಪಾಂತರ” ಎಂದು ಕರೆಯುತ್ತದೆ, ಮತ್ತು ರೂಪಾಂತರದ ಹಕ್ಕೂ ಮೂಲ ಕೃತಿಯ ಒಡೆಯರದ್ದೇ. ಅಂದರೆ ನಿಮ್ಮ ಹಾಡಿಗೆ ಬ್ಯಾಂಡ್ ಹೊಸ ಉಡುಪು ತೊಡಿಸಬೇಕಾದರೆ ನಿಮ್ಮ ಒಪ್ಪಿಗೆ ಬೇಕು. ಇನ್ನು, ಹಕ್ಕನ್ನು ವರ್ಗಾಯಿಸುವುದಾದರೆ ಬರವಣಿಗೆಯಲ್ಲೇ ಇರಬೇಕು. ಅವಧಿ ಬರೆಯದಿದ್ದರೆ ಐದು ವರ್ಷ ಎಂದೂ ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದೂ ಕಾಯ್ದೆ ಲೆಕ್ಕ ಹಾಕುತ್ತದೆ. ನನ್ನ ಸಲಹೆ ಏನೆಂದರೆ, ಬ್ಯಾಂಡಿಗೆ ಹಕ್ಕನ್ನು ವರ್ಗಾಯಿಸಲೇಬೇಡಿ. ಹಾಡಲು ಅನುಮತಿ ಕೊಟ್ಟರೆ ಸಾಕು.

ಪ್ರತಿ ಹಾಡಿಗೂ ಒಂದು ಪುಟ. ಇದನ್ನು ಸಂಗೀತ ಕ್ಷೇತ್ರದಲ್ಲಿ ಸ್ಪ್ಲಿಟ್ ಶೀಟ್ ಎನ್ನುತ್ತಾರೆ, ಅಂದರೆ ಯಾರಿಗೆ ಎಷ್ಟು ಪಾಲು ಎಂದು ನಮೂದಿಸುವ ಹಾಳೆ. ನಿಮ್ಮ ತಂಡದಲ್ಲಿ ಕಮಲ, ಬಸವ, ರಹೀಮ ಎಂಬ ಮೂವರಿದ್ದಾರೆ, ಕಮಲಳ ಹಾಡೊಂದಕ್ಕೆ “ಕೆರೆ ದಂಡೆ” ಎಂದು ಹೆಸರು ಎಂದುಕೊಳ್ಳೋಣ. ಹಾಳೆ ಹೀಗಿರುತ್ತದೆ:

ಹಾಡು: ಕೆರೆ ದಂಡೆ
ಸಾಹಿತ್ಯ: ಕಮಲ, ಶೇ 100
ಸಂಗೀತ: ಕಮಲ, ಶೇ 80, ಬಸವ, ಶೇ 20 (ಎರಡನೇ ಚರಣದ ನಂತರ ಬರುವ ಹೊಸ ತಿರುವು ಬಸವನದು)
ವಾದ್ಯ ಸಂಯೋಜನೆ: ಮೂವರೂ, ಕೃತಿಯ ಹಕ್ಕಿನಲ್ಲಿ ಪಾಲಿಲ್ಲ
ಬ್ಯಾಂಡಿಗೆ ಕೊಟ್ಟ ಅನುಮತಿ: ವೇದಿಕೆಯಲ್ಲಿ ಹಾಡಲು, ಒಂದು ಸಲ ಧ್ವನಿಮುದ್ರಿಸಿ ಪ್ರಕಟಿಸಲು
ಕಮಲ ಒಂಟಿಯಾಗಿ ಹಾಡಬಹುದೇ: ಯಾವಾಗ ಬೇಕಾದರೂ
ಕಮಲ ತಂಡ ಬಿಟ್ಟರೆ: ಹಾಡು ಅವಳ ಜೊತೆ ಹೋಗುತ್ತದೆ, ಆಗಲೇ ಪ್ರಕಟವಾದ ಧ್ವನಿಮುದ್ರಣ ಇದ್ದಲ್ಲಿಯೇ ಇರುತ್ತದೆ, ಅದರ ಹಣ ಮೊದಲಿನಂತೆ ಹಂಚಿಕೆಯಾಗುತ್ತದೆ
ದಿನಾಂಕ, ಮೂವರ ಸಹಿ

ಇಲ್ಲಿ ಜಗಳ ಹುಟ್ಟುವುದು ಆ ಶೇ 20ರ ಹತ್ತಿರ. ಬಸವ ನುಡಿಸಿದ ಗಿಟಾರ್ ತುಣುಕು ಹಾಡಿನ ಭಾಗವೋ, ಹಾಡಿನ ಅಲಂಕಾರವೋ? ಇದಕ್ಕೆ ನಾನು ಬಳಸುವ ಪರೀಕ್ಷೆ ಸರಳ. ವಾದ್ಯಗಳನ್ನೆಲ್ಲ ಕೆಳಗಿಟ್ಟು ಬರಿಗೊರಳಿನಲ್ಲಿ ಹಾಡಿ ನೋಡಿ. ಆ ತುಣುಕು ಹಾಡಿನಲ್ಲಿ ಉಳಿದರೆ ಅದು ಸಂಗೀತ ರಚನೆ, ಪಾಲು ಕೊಡಬೇಕು. ಉಳಿಯದೆ ಹೋದರೆ ಅದು ವಾದ್ಯ ಸಂಯೋಜನೆ. ಕಾನೂನಿನ ಪುಸ್ತಕದಲ್ಲಿ ಈ ಪರೀಕ್ಷೆ ಇಲ್ಲ. ಆದರೆ ಮೂವರೂ ಒಂದು ಅಳತೆಗೋಲನ್ನು ಮೊದಲೇ ಒಪ್ಪಿಕೊಂಡರೆ ವಾದ ಅಲ್ಲಿಗೇ ನಿಲ್ಲುತ್ತದೆ. ಪಾಲು ಕೊಟ್ಟ ಮೇಲೆ ಆ ಹಾಡು ಇಬ್ಬರದ್ದು ಎಂಬುದನ್ನೂ ಮರೆಯಬಾರದು; ಸಿನಿಮಾಕ್ಕೋ ಜಾಹೀರಾತಿಗೋ ಕೊಡುವಾಗ ಇಬ್ಬರ ಒಪ್ಪಿಗೆಯೂ ಬೇಕು ಎಂದೇ ತಿಳಿದು ನಡೆಯಿರಿ.

“ಎಲ್ಲ ಹಾಡಿಗೂ ಮೂವರ ಹೆಸರನ್ನೇ ಹಾಕಿಬಿಡೋಣ, ತಕರಾರೇ ಇಲ್ಲ” ಎನ್ನುವವರಿದ್ದಾರೆ. ಬೀಟಲ್ಸ್ ತಂಡದ ಜಾನ್ ಲೆನನ್ ಮತ್ತು ಪಾಲ್ ಮೆಕಾರ್ಟ್ನಿ ಹಾಗೆಯೇ ಮಾಡಿದರು. ಹಾಡನ್ನು ಒಬ್ಬರೇ ಬರೆದಿದ್ದರೂ ಇಬ್ಬರ ಹೆಸರು. ದಶಕಗಳ ನಂತರ, 2002ರಲ್ಲಿ, ಮೆಕಾರ್ಟ್ನಿ ತಮ್ಮ ಆಲ್ಬಮ್ ಒಂದರಲ್ಲಿ ಆ ಹೆಸರುಗಳ ಕ್ರಮವನ್ನು ತಿರುಗಿಸಿ ತಮ್ಮ ಹೆಸರು ಮೊದಲು ಬರುವಂತೆ ಮಾಡಿದಾಗ ದೊಡ್ಡ ವಿವಾದವಾಯಿತು. ಮೊದಲೇ ಬರೆದಿಟ್ಟ ಹಾಡುಗಳನ್ನು ತರುವ ತಂಡಕ್ಕೆ ಈ ದಾರಿ ಬೇಡವೇ ಬೇಡ. ಬರೆದವರ ಹೆಸರೇ ಇರಲಿ.

ಹಂತ 4: ಶ್ರುತಿ ಮತ್ತು ಮಾತ್ರೆ

ಇನ್ನು ಸಂಗೀತಕ್ಕೆ ಬರೋಣ. ಒಂಟಿಯಾಗಿ ಬರೆದ ಹಾಡು ಬರೆದವರ ಕೊರಳಿಗೆ ಹೊಂದಿಕೊಂಡಿರುತ್ತದೆ. ಇನ್ನೊಬ್ಬರು ಜೊತೆಗೂಡಿದ ಕೂಡಲೇ ಶ್ರುತಿಯ ಪ್ರಶ್ನೆ ಏಳುತ್ತದೆ. ಸಾಮಾನ್ಯವಾಗಿ ಗಂಡಸರ ಶ್ರುತಿ ಸಿ, ಡಿ ಆಸುಪಾಸಿನಲ್ಲಿದ್ದರೆ ಹೆಂಗಸರದು ಜಿ, ಎ ಸುತ್ತಮುತ್ತ ಇರುತ್ತದೆ. ಗಿಟಾರಿನವರು ಸಿ, ಡಿ ಎಂದರೆ ಹಾರ್ಮೋನಿಯಂನವರು ಬಿಳಿ ಒಂದು, ಬಿಳಿ ಎರಡು ಎನ್ನುತ್ತಾರೆ. ಸಿ ಶಾರ್ಪ್ ಎಂದರೆ ಕಪ್ಪು ಒಂದು. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಈ ಎರಡು ಭಾಷೆಗಳನ್ನೂ ಎದುರು ಬದುರಾಗಿ ಬರೆದಿಡಿ.

ಬಸವ ಡಿ ಶ್ರುತಿಯಲ್ಲಿ ಬರೆದ ಹಾಡಿನ ಪಲ್ಲವಿಯನ್ನು ಕಮಲ ಹಾಡಬೇಕು, ಅವಳಿಗೆ ಜಿ ಬೇಕು ಎಂದುಕೊಳ್ಳಿ. ಬಸವ ಹೊಸ ಕಾರ್ಡ್‌ಗಳನ್ನು, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪುಗಳನ್ನು, ಕಲಿಯಬೇಕಿಲ್ಲ. ಗಿಟಾರಿನ ಕೊರಳಿಗೆ ಕಚ್ಚಿಸುವ ಕೇಪೋ ಎಂಬ ಹಿಡಿಕೆಯನ್ನು ಐದನೇ ಮನೆಯಲ್ಲಿ ಹಾಕಿ, ಅದೇ ಡಿ ಬೆರಳುಗಳನ್ನು ನುಡಿಸಿದರೆ ಜಿ ಕೇಳಿಸುತ್ತದೆ. ಅಷ್ಟು ಮೇಲೆ ಹಾಕಿದಾಗ ನಾದ ತೆಳುವಾಗುತ್ತದೆ. ಆಗ ಇನ್ನೊಂದು ಗಿಟಾರ್ ಕೇಪೋ ಇಲ್ಲದೆ ಜಿಯಲ್ಲೇ ನುಡಿಸಿದರೆ ಎರಡೂ ಸೇರಿ ತುಂಬಿಕೊಳ್ಳುತ್ತವೆ. ಇಬ್ಬರು ಗಿಟಾರಿಸ್ಟ್‌ಗಳು ಒಂದೇ ಜಾಗದಲ್ಲಿ ಒಂದೇ ಕಾರ್ಡ್ ನುಡಿಸುವುದು ಗೀತರಚನೆಕಾರರ ಬ್ಯಾಂಡುಗಳಲ್ಲಿ ತೀರಾ ಸಾಮಾನ್ಯವಾದ ತಪ್ಪು. ಎಲ್ಲರಿಗೂ ಒಂಟಿಯಾಗಿ ಇಡೀ ಹಾಡನ್ನು ಹೊರುವ ಅಭ್ಯಾಸ. ಒಬ್ಬರು ಕೆಳಗಿದ್ದರೆ ಇನ್ನೊಬ್ಬರು ಮೇಲಿರಬೇಕು, ಮೂರನೆಯವರು ಸುಮ್ಮನಿರಲು ಕಲಿಯಬೇಕು.

ಬರೆದವರೇ ಪೂರ್ತಿ ಹಾಡುವುದಾದರೆ ಶ್ರುತಿಯನ್ನು ಮುಟ್ಟಲೇಬೇಡಿ. ಜೊತೆಗೆ ಹಾಡುವವರಿಗೆ ಎತ್ತರವಾದರೆ ಅವರು ಕೆಳಗಿನ ಸ್ವರ ಹಿಡಿಯಲಿ.

ಶ್ರುತಿಗಿಂತ ಸೂಕ್ಷ್ಮವಾದದ್ದು ಲಯ. ಕನ್ನಡ ಸಾಲುಗಳು ಮಾತ್ರೆಗಳ ಗುಂಪಿನಲ್ಲಿ ನಡೆಯುತ್ತವೆ: ಮೂರು ಮೂರರ ನಡೆ, ನಾಲ್ಕು ನಾಲ್ಕರ ನಡೆ, ಐದರ ನಡೆ, ಮೂರು ನಾಲ್ಕು ಕೂಡಿದ ಏಳರ ನಡೆ. ಐದರ ಸಾಲಿಗೆ ಖಂಡಛಾಪು ತಾಳ, ಏಳರದ್ದಕ್ಕೆ ಮಿಶ್ರಛಾಪು ತಾಳ ತಾನಾಗಿ ಕೂರುತ್ತದೆ. ಡ್ರಮ್ಸ್ ನುಡಿಸುವ ಗೆಳೆಯ ರಾಕ್ ಸಂಗೀತದಿಂದ ಬಂದವನಾಗಿದ್ದರೆ ಕೈ ತಾನಾಗಿ ನಾಲ್ಕಕ್ಕೆ ಹೋಗುತ್ತದೆ. ಏಳರ ಹಾಡನ್ನು ಎಂಟಕ್ಕೆ ಎಳೆದರೆ ಉಳಿದ ಒಂದು ಮಾತ್ರೆಯನ್ನು ತುಂಬಲು ಹಾಡುವವರು ಯಾವುದೋ ಅಕ್ಷರವನ್ನು ಎಳೆಯುತ್ತಾರೆ. ಕನ್ನಡದಲ್ಲಿ ಹ್ರಸ್ವ ದೀರ್ಘವಾದರೆ ಅರ್ಥವೇ ಬೇರೆ. “ಕೆರೆ ದಂಡೆ”ಯ ಮೊದಲ ಅಕ್ಷರ ಎಳೆದುಹೋದರೆ ಅದು “ಕೇರೆ”, ಹಾವು. “ಬಳೆ” ಎಳೆದರೆ “ಬಾಳೆ”. ಕಮಲ ಕಣ್ಣೀರು ತುಂಬಿ ಬರೆದ ಸಾಲು ಸಭೆಯಲ್ಲಿ ಬೇರೇನೋ ಆಗಿ ಕೇಳಿಸುತ್ತದೆ.

ಆದ್ದರಿಂದ ತಾಳವಾದ್ಯದವರಿಗೆ ಮೊದಲು ಹಾಡು ಕೇಳಿಸಬೇಡಿ, ಸಾಲು ಓದಿಸಿ. ಹಾಳೆ ಕೊಟ್ಟು, ಹಾಡದೆ, ಮಾತಿನಂತೆ ಜೋರಾಗಿ ಎರಡು ಸಲ ಓದುವುದು. ಆಮೇಲೆ ತೊಡೆಯ ಮೇಲೆ ಕೈತಟ್ಟುತ್ತ ಓದುವುದು. ಹತ್ತು ನಿಮಿಷದ ಈ ಕೆಲಸದಿಂದ ಉಳಿಯುವುದು ಎರಡು ವಾರದ ತಾಲೀಮು.

ಹಂತ 5: ಆ ಹಾಡಿಗೆ ಅವರೇ ಭಾಗವತರು

ಯಕ್ಷಗಾನದಲ್ಲಿ ಭಾಗವತರನ್ನು ಮೊದಲನೇ ವೇಷ ಎನ್ನುತ್ತಾರೆ. ಬಣ್ಣ ಹಚ್ಚದೆ ಹಿಂದೆ ಕುಳಿತರೂ ಪ್ರಸಂಗ ಎಲ್ಲಿ ಓಡಬೇಕು, ಎಲ್ಲಿ ನಿಲ್ಲಬೇಕು ಎಂಬುದು ಅವರ ಜಾಗಟೆಯಲ್ಲಿದೆ. ಈ ಪದ್ಧತಿಯನ್ನೇ ತಾಲೀಮಿಗೆ ತನ್ನಿ. ಯಾರ ಹಾಡೋ ಅವರು ಆ ಹಾಡಿಗೆ ಭಾಗವತರು. ವೇಗ, ಉದ್ದ, ಯಾವ ವಾದ್ಯ ಎಲ್ಲಿ ಬರಬೇಕು ಎಂಬುದರಲ್ಲಿ ಅವರ ಮಾತೇ ಕೊನೆಯದು. ಮುಂದಿನ ಹಾಡಿಗೆ ಜಾಗಟೆ ಇನ್ನೊಬ್ಬರ ಕೈಗೆ.

ಹಾಗೆಂದು ಉಳಿದವರು ಬಾಯಿ ಮುಚ್ಚಿಕೊಂಡಿರಬೇಕಿಲ್ಲ. ಯಾರೇ ಒಂದು ಸಲಹೆ ಕೊಟ್ಟರೂ ಅದನ್ನು ಒಮ್ಮೆ ನುಡಿಸಿಯೇ ನೋಡಬೇಕು, ನುಡಿಸದೆ ತಳ್ಳಿಹಾಕಬಾರದು. ನುಡಿಸಿದ ಮೇಲೂ ಬರೆದವರು ಬೇಡ ಎಂದರೆ ಅಲ್ಲಿಗೆ ಬಿಟ್ಟುಬಿಡಬೇಕು. ಒಬ್ಬರಿಗೆ ಒಂದು ತಾಲೀಮಿನಲ್ಲಿ ನಲವತ್ತು ನಿಮಿಷ ಎಂದು ಸಮಯ ಕಟ್ಟಿ. ಪ್ರತಿ ತಾಲೀಮಿನ ಕೊನೆಯ ಸುತ್ತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಮನೆಗೆ ಹೋಗಿ ಕೇಳಿ. ನುಡಿಸುವಾಗ ಕೇಳಿಸದ ತಪ್ಪು ಬಸ್ಸಿನಲ್ಲಿ ಕುಳಿತು ಕೇಳುವಾಗ ಸ್ಪಷ್ಟವಾಗಿ ಕೇಳಿಸುತ್ತದೆ.

ಹಂತ 6: ಹೆಸರು

ಹೆಸರಿಗೆ ಇತಿಹಾಸದಲ್ಲಿ ಎರಡು ಮಾದರಿಗಳಿವೆ. ಕ್ರಾಸ್ಬಿ, ಸ್ಟಿಲ್ಸ್ ಮತ್ತು ನ್ಯಾಶ್ ಎಂಬ ಮೂವರು 1969ರಲ್ಲಿ ತಮ್ಮ ಹೆಸರುಗಳನ್ನೇ ಸಾಲಾಗಿ ಜೋಡಿಸಿ ಆಲ್ಬಮ್ ತಂದರು. ಮೂವರೂ ಬೇರೆ ಬೇರೆಯಾಗಿ ಕಾಣಿಸಬೇಕು ಎಂಬುದು ಉದ್ದೇಶ. 1988ರಲ್ಲಿ ಜಾರ್ಜ್ ಹ್ಯಾರಿಸನ್, ಬಾಬ್ ಡಿಲನ್, ಟಾಮ್ ಪೆಟಿ, ರಾಯ್ ಆರ್ಬಿಸನ್, ಜೆಫ್ ಲಿನ್ ಸೇರಿದಾಗ ಐವರೂ ವಿಲ್ಬರಿ ಎಂಬ ಕಲ್ಪಿತ ಮನೆತನದ ಹೆಸರಿಟ್ಟುಕೊಂಡು ಅಣ್ಣತಮ್ಮಂದಿರಂತೆ ಬಂದರು. ನಿಮ್ಮ ಸ್ವಂತ ಹೆಸರಿಗೆ ಈಗಾಗಲೇ ಕೇಳುಗರಿದ್ದರೆ ಮೊದಲ ಮಾದರಿ ಒಳ್ಳೆಯದು. ಇಲ್ಲದಿದ್ದರೆ ಹೊಸ ಹೆಸರಿಡಿ, ಆದರೆ ಆ ಹೆಸರು ಯಾರದ್ದು, ಒಬ್ಬರು ಬಿಟ್ಟುಹೋದರೆ ಉಳಿದವರು ಬಳಸಬಹುದೇ ಎಂಬುದನ್ನು ಮೂರನೇ ಹಂತದ ಹಾಳೆಗಳ ಜೊತೆಗೇ ಬರೆದಿಡಿ. ಟ್ರೇಡ್‌ಮಾರ್ಕ್ ನೋಂದಣಿ ಬೇಕೆನಿಸಿದರೆ ಮನರಂಜನಾ ಸೇವೆಗಳು ಬರುವುದು 41ನೇ ವರ್ಗದಲ್ಲಿ.

ಹಂತ 7: ಹಣ

ವೇದಿಕೆಯ ಸಂಭಾವನೆ ಬೇರೆ, ಹಾಡಿನ ಹಕ್ಕಿನಿಂದ ಬರುವ ಹಣ ಬೇರೆ. ಇವೆರಡನ್ನು ಕಲಸಬೇಡಿ. ವೇದಿಕೆಯ ಮೇಲೆ ಮೂವರೂ ಒಂದೇ ಸಮ ಬೆವರು ಹರಿಸುತ್ತೀರಿ, ಹಾಗಾಗಿ ಸಂಭಾವನೆ ಸಮಪಾಲು. ಹಕ್ಕಿನ ಹಣ ಹಾಳೆಯಲ್ಲಿ ಬರೆದ ಪ್ರಕಾರ.

ಕಾರ್ಯಕ್ರಮವೊಂದಕ್ಕೆ 24,000 ರೂಪಾಯಿ ಬಂತು ಎಂದುಕೊಳ್ಳಿ. ಆ ದಿನಕ್ಕೆಂದು ಕರೆಸಿದ ತಾಳವಾದ್ಯದವರಿಗೆ 4,000, ಗಾಡಿ ಬಾಡಿಗೆ 2,000. ಉಳಿದ 18,000ದಲ್ಲಿ 3,000 ಬ್ಯಾಂಡಿನ ನಿಧಿಗೆ. ತಂತಿ, ಕೇಬಲ್, ಜಾಮ್ ರೂಮ್ ಬಾಡಿಗೆ ಎಲ್ಲ ಅದರಿಂದ. ಮಿಕ್ಕ 15,000ದಲ್ಲಿ ತಲಾ 5,000. ಕರೆಸಿದ ವಾದ್ಯಗಾರರಿಗೆ ಅದೇ ರಾತ್ರಿ ಕೊಟ್ಟುಬಿಡಿ. ನಿಮ್ಮ ಪಾಲು ಒಂದು ವಾರ ತಡವಾದರೂ ಅಡ್ಡಿಯಿಲ್ಲ, ಅವರದು ತಡವಾಗಬಾರದು.

ಆಯೋಜಕರು ಸಾಮಾನ್ಯವಾಗಿ ಒಬ್ಬರ ಖಾತೆಗೆ ಹಣ ಹಾಕುತ್ತಾರೆ. ಟಿಡಿಎಸ್, ಅಂದರೆ ಮೂಲದಲ್ಲೇ ಕಡಿತವಾಗುವ ತೆರಿಗೆ, ಆ ಖಾತೆಯವರ ಪ್ಯಾನ್ ಸಂಖ್ಯೆಯಲ್ಲಿ ಜಮೆಯಾಗುತ್ತದೆ ಮತ್ತು ಪೂರ್ತಿ ಮೊತ್ತ ಅವರ ಆದಾಯವಾಗಿ ಕಾಣಿಸುತ್ತದೆ. ಯಾರಿಗೆ ಎಷ್ಟು ಹಂಚಿದಿರಿ ಎಂಬುದಕ್ಕೆ ಬ್ಯಾಂಕ್ ಅಥವಾ ಯುಪಿಐ ದಾಖಲೆ ಇರಲಿ, ಕೈಯಲ್ಲಿ ನಗದು ಹಂಚಬೇಡಿ. ಬರವಣಿಗೆ ಇಲ್ಲದ ಪಾಲುದಾರಿಕೆಯಲ್ಲಿ ಲಾಭ ನಷ್ಟ ಎರಡನ್ನೂ 1932ರ ಪಾಲುದಾರಿಕೆ ಕಾಯ್ದೆ ಸಮವಾಗಿ ಹಂಚುತ್ತದೆ ಎಂಬುದೂ ನೆನಪಿರಲಿ. ನೀವು ಬೇರೆ ರೀತಿ ಬಯಸುವುದಾದರೆ ಬರೆದಿರಬೇಕು.

ಐಪಿಆರ್‌ಎಸ್ ಎಂಬ ಹೆಸರನ್ನು ಕೇಳಿರುತ್ತೀರಿ. 1969ರಲ್ಲಿ ಶುರುವಾದ ಈ ಸಂಘ ಗೀತರಚನೆಕಾರರು, ಸಂಗೀತ ಸಂಯೋಜಕರು ಮತ್ತು ಪ್ರಕಾಶಕರ ಪರವಾಗಿ ಹಾಡಿನ ಬಳಕೆಗೆ ಶುಲ್ಕ ಸಂಗ್ರಹಿಸಿ ಹಂಚುತ್ತದೆ. ಬರೆಯುವ ಪ್ರತಿಯೊಬ್ಬರೂ ತಮ್ಮ ಸ್ವಂತ ಹೆಸರಿನಲ್ಲಿ ಸದಸ್ಯರಾಗಬೇಕು. ಬ್ಯಾಂಡಿನ ಹೆಸರಿನಿಂದ ಈ ಕೆಲಸ ಆಗುವುದಿಲ್ಲ. ಕೃತಿಯನ್ನು ಅಲ್ಲಿ ದಾಖಲಿಸುವಾಗ ಸಹಿ ಹಾಕಿದ ಹಾಳೆಯನ್ನು ಎದುರಿಗಿಟ್ಟುಕೊಂಡು ಅದೇ ಪಾಲನ್ನು ನಮೂದಿಸಿ.

ಹಂತ 8: ಧ್ವನಿಮುದ್ರಣ

ಧ್ವನಿಮುದ್ರಣದ ಒಡೆತನ ಕಾನೂನಿನ ಪ್ರಕಾರ ಅದರ ನಿರ್ಮಾಪಕರದ್ದು, ಅಂದರೆ ಮುಂದಾಳತ್ವ ಮತ್ತು ಹೊಣೆ ಹೊತ್ತು ಅದನ್ನು ಮಾಡಿಸಿದವರದ್ದು. ಗೆಳೆಯರೊಬ್ಬರು ತಮ್ಮ ಸ್ಟುಡಿಯೋದಲ್ಲಿ ಉಚಿತವಾಗಿ ಮಾಡಿಕೊಟ್ಟರೆ “ನಿರ್ಮಾಪಕರು ಯಾರು?” ಎಂಬುದು ಮಸುಕಾಗುತ್ತದೆ. ಒಂದು ಸಾಲು ಬರೆಸಿಕೊಳ್ಳಿ. ಬ್ಯಾಂಡಿನ ರೆಕಾರ್ಡಿಂಗ್ ಮೂವರಿಗೂ ಸಮಪಾಲು, ಹಾಡು ಮಾತ್ರ ಬರೆದವರದು ಎಂಬ ಏರ್ಪಾಡು ನನಗೆ ಸರಿ ಕಂಡದ್ದು.

ಪ್ರತಿ ರೆಕಾರ್ಡಿಂಗ್‌ಗೆ ಐಎಸ್‌ಆರ್‌ಸಿ ಎಂಬ 12 ಅಕ್ಷರ ಹಾಗೂ ಅಂಕಿಗಳ ಗುರುತು ಇರುತ್ತದೆ. ಅದು ಹಾಡಿನ ಗುರುತಲ್ಲ, ಆ ಒಂದು ರೆಕಾರ್ಡಿಂಗ್‌ನ ಗುರುತು. ಕಮಲ ಒಂಟಿಯಾಗಿ ಹಾಡಿ ಮೊದಲೇ ಪ್ರಕಟಿಸಿದ “ಕೆರೆ ದಂಡೆ”ಗೆ ಒಂದು, ಬ್ಯಾಂಡಿನ ರೂಪಕ್ಕೆ ಇನ್ನೊಂದು. ಹಳೆಯದನ್ನು ತೆಗೆದುಹಾಕಬೇಡಿ, ಎರಡೂ ಇರಲಿ. ಸ್ಟ್ರೀಮಿಂಗ್ ವೇದಿಕೆಗಳಿಗೆ ಹಾಡು ಕಳುಹಿಸುವ ವಿತರಕ ಸಂಸ್ಥೆಯ ಅರ್ಜಿ ತುಂಬುವಾಗ ಬ್ಯಾಂಡಿನ ಹೆಸರಿನ ಜೊತೆ ಬರೆದವರ ಹೆಸರನ್ನೂ ಮುಖ್ಯ ಕಲಾವಿದರೆಂದು ಸೇರಿಸಿದರೆ ಹಾಡು ಇಬ್ಬರ ಪುಟದಲ್ಲೂ ಕಾಣಿಸುತ್ತದೆ. ಇಂಗ್ಲಿಷ್ ಅಕ್ಷರಗಳಲ್ಲಿ ನಿಮ್ಮ ಹೆಸರಿನ ಕಾಗುಣಿತ ಪ್ರತಿ ಸಲವೂ ಒಂದೇ ಆಗಿರಲಿ, ಇಲ್ಲವಾದರೆ ಒಬ್ಬರೇ ಇಬ್ಬರಾಗಿ ಎರಡು ಪುಟಗಳಲ್ಲಿ ಹಂಚಿಹೋಗುತ್ತೀರಿ.

ಇಲ್ಲಿಂದ ಹಣದ ನಿರೀಕ್ಷೆ ಮಿತವಾಗಿರಲಿ. ಸ್ಪಾಟಿಫೈ 2024ರಿಂದ ತಂದ ನಿಯಮದಂತೆ, ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಸಲ ಕೇಳಿಸಿಕೊಳ್ಳದ ಹಾಡಿಗೆ ರೆಕಾರ್ಡಿಂಗ್ ರಾಯಧನ ಸಿಗುವುದಿಲ್ಲ. ಮೂವರ ಕೇಳುಗರು ಒಂದೆಡೆ ಸೇರುವುದರಿಂದ ಆ ಗಡಿ ದಾಟುವುದು ಒಂಟಿಯಾಗಿ ದಾಟುವುದಕ್ಕಿಂತ ಸುಲಭ.

ಹಂತ 9: ಮೊದಲ ಕಾರ್ಯಕ್ರಮ

ಮೂವತ್ತು ನಲವತ್ತು ಜನ ಕೂರುವ ಜಾಗ ಹುಡುಕಿ. ಮನೆಯ ಹಜಾರ, ಪುಸ್ತಕದ ಅಂಗಡಿ, ಊರಿನ ಗ್ರಂಥಾಲಯದ ಸಭಾಂಗಣ, ಯಾವುದಾದರೂ ಆದೀತು. ನವೆಂಬರ್‌ನಲ್ಲಿ ರಾಜ್ಯೋತ್ಸವದ ವೇದಿಕೆಗಳು ಸಿಗುತ್ತವೆ, ಆದರೆ ಅಲ್ಲಿ ಜನ ಗೊತ್ತಿರುವ ಹಾಡು ಕೇಳಲು ಬಂದಿರುತ್ತಾರೆ. ಹೊಸ ಹಾಡಿನ ಮೊದಲ ಪರೀಕ್ಷೆಗೆ ಅದು ತಕ್ಕ ಜಾಗವಲ್ಲ. ಎಲ್ಲಿಯೇ ಆಗಲಿ, ಬಯಲಿನಲ್ಲಿ ಧ್ವನಿವರ್ಧಕ ಬಳಸುವುದಾದರೆ ರಾತ್ರಿ 10ಕ್ಕೆ ನಿಲ್ಲಿಸಬೇಕೆಂಬ ನಿಯಮವಿದೆ. ಕೊನೆಯ ಹಾಡು 9.50ಕ್ಕೆ ಮುಗಿಯುವಂತೆ ಲೆಕ್ಕ ಹಾಕಿ.

ಗಿಟಾರುಗಳಿಗೆ ಡಿಐ ಬಾಕ್ಸ್ ಇದೆಯೇ ಎಂದು ಮೊದಲೇ ಕೇಳಿ. ವಾದ್ಯದ ತಂತಿಯಿಂದ ಬರುವ ಸಂಕೇತವನ್ನು ಧ್ವನಿ ವ್ಯವಸ್ಥೆಗೆ ಒಗ್ಗುವಂತೆ ಬದಲಿಸುವ ಪುಟ್ಟ ಪೆಟ್ಟಿಗೆ ಅದು. ಮೂರು ಗಿಟಾರಿಗೆ ಮೂರು ಬೇಕು. ಒಂದೇ ಇದ್ದರೆ ಹಾಡಿನ ನಡುವೆ ಕೇಬಲ್ ಕಿತ್ತು ಹಾಕುವುದರಲ್ಲೇ ಸಂಜೆ ಕಳೆಯುತ್ತದೆ.

ಹಾಡಿನ ಸರಣಿಯಲ್ಲಿ ಒಬ್ಬರದ್ದು ಮೂರು, ಇನ್ನೊಬ್ಬರದ್ದು ಮೂರು ಎಂದು ಗುಂಪು ಮಾಡಬೇಡಿ. ಹಾಗೆ ಮಾಡಿದರೆ ಅದು ಮೂವರ ಬೇರೆ ಬೇರೆ ಕಛೇರಿಯಾಗುತ್ತದೆ. ಒಬ್ಬರಾದ ಮೇಲೆ ಒಬ್ಬರಂತೆ ಸುತ್ತು ಬರಲಿ. ಆದರೆ ಒಂದೇ ಕೇಪೋ ಮನೆಯ ಹಾಡುಗಳು ಅಕ್ಕಪಕ್ಕ ಬರುವಂತೆ ನೋಡಿಕೊಳ್ಳಿ. ಪ್ರತಿ ಹಾಡಿನ ಹೆಸರನ್ನೂ ಬರೆದವರ ಹೆಸರನ್ನೂ ಬರೆದವರಲ್ಲ, ಪಕ್ಕದಲ್ಲಿ ನಿಂತವರು ಹೇಳಲಿ. “ಇದು ಕಮಲ ಬರೆದ ಹಾಡು” ಎಂದು ರಹೀಮ ಹೇಳಿದಾಗ ಸಭೆ ಕಿವಿಗೊಡುವ ರೀತಿಯೇ ಬೇರೆ, ಕಮಲ ಕಣ್ಣು ಮುಚ್ಚಿ ಶ್ರುತಿ ಹಿಡಿಯಲು ಅರ್ಧ ನಿಮಿಷವೂ ಸಿಗುತ್ತದೆ.

ಕಾರ್ಯಕ್ರಮ ಮುಗಿದ ವಾರದೊಳಗೆ ಮೂವರೂ ಮತ್ತೆ ಕುಳಿತು, ರೆಕಾರ್ಡಿಂಗ್ ಕೇಳುತ್ತ, ಒಂಬತ್ತೂ ಹಾಳೆಗಳನ್ನು ತೆರೆದಿಡಿ. ವೇದಿಕೆಗೆ ಹೋಗುವ ಹೊತ್ತಿಗೆ ಎರಡು ಮೂರು ಹಾಡುಗಳಾದರೂ ಬದಲಾಗಿರುತ್ತವೆ: ರಹೀಮನ ಬಾಯಲ್ಲಿ ತಾನಾಗಿ ಹುಟ್ಟಿದ ಒಂದು ಸಾಲು ಎಲ್ಲರಿಗೂ ಹಿಡಿಸಿ ಅಲ್ಲೇ ಉಳಿದಿರುತ್ತದೆ. ಆ ಹಾಡಿನ ಹಾಳೆಯಲ್ಲಿ ಸಾಹಿತ್ಯದ ಎದುರು ರಹೀಮನ ಹೆಸರನ್ನು ಸೇರಿಸಿ, ಪಾಲು ತಿದ್ದಿ, ಹೊಸ ದಿನಾಂಕ ಹಾಕಿ, ಮೂವರೂ ಮತ್ತೊಮ್ಮೆ ಸಹಿ ಮಾಡಿ.